ಈ ಕೆಲಸ ಗಂಡಸರಿಗೇ ಕೊಡಬಾರದೇ?

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಪ್ರೊಬೇಷನ್ ಆಫೀಸರ್ (ಶಿಕ್ಷೆಯಾದವರು ಹೊರಗಿರುವಾಗ ಅವರ ಮೇಲೆ ನಿಗಾ ಇಟ್ಟು ತಿದ್ದುವ ಅಧಿಕಾರಿ) ಆಗಲು ತರಬೇತಿ ಪಡೆಯುತ್ತಿದ್ದಾಳೆ. ಜೈಲಿನಿಂದ ಬಂದ ಅತ್ಯಾಚಾರಿಗಳ ಉಸ್ತುವಾರಿಯೂ ಮುಂದೆ ಅವಳಿಗೆ ಬರಬಹುದಂತೆ. ಇದನ್ನು ಗಂಡಸರಿಗೇ ಕೊಡಬಾರದೇ?

ಉತ್ತರ: ಕೊಡೋಣವೆಂದರೆ ಗಂಡಸರೆಲ್ಲಿದ್ದಾರೆ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರೊಬೇಷನ್ ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರು ಹೆಂಗಸರು. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರೋ ಬಹುತೇಕ ಗಂಡಸರೇ. ಆದರೆ ನಿಮ್ಮ ಆತಂಕ ಅಂಕಿಸಂಖ್ಯೆಯದ್ದಲ್ಲ, ಗೊತ್ತು.

ಹಲ್ಲೆಯ ಭಯಕ್ಕೆ ಒಂದಿಷ್ಟು ಏರ್ಪಾಡಿದೆ. ಅವಳು ಒಬ್ಬಳೇ ಹೊಣೆ ಹೊರುವುದಿಲ್ಲ. 2001ರಿಂದ ಪೊಲೀಸ್ ಮತ್ತು ಪ್ರೊಬೇಷನ್, ಆಮೇಲೆ ಜೊತೆಗೂಡಿದ ಜೈಲು ಇಲಾಖೆ, ಒಟ್ಟಿಗೆ ಕೂತು ಇಂಥವರ ಮೇಲೆ ನಿಗಾ ಇಡುತ್ತವೆ, ಈ ಏರ್ಪಾಡಿಗೆ ‘ಮಾಪ್ಪಾ’ ಅನ್ನುತ್ತಾರೆ. ಲೈಂಗಿಕ ಅಪರಾಧಿಗಳ ರಿಜಿಸ್ಟರಿನಲ್ಲಿ ಹೆಸರಿರುವವನು ಮನೆ ಬದಲಿಸಿದರೆ 3 ದಿನದೊಳಗೆ ಪೊಲೀಸರಿಗೆ ಹೇಳಬೇಕು.

ಕಷ್ಟ ಇರುವುದು ಮಾತಿನಲ್ಲಿ. ಉಸ್ತುವಾರಿಯಲ್ಲಿರುವವನು ಒಂದು ವಾರ ಬಂದು, ‘ಕೂದಲು ಕತ್ತರಿಸಿಕೊಂಡಿರಾ? ಒಪ್ಪುತ್ತೆ’ ಅನ್ನುತ್ತಾನೆ. ಮುಂದಿನ ವಾರ, ‘ಬೆರಳಲ್ಲಿ ಉಂಗುರ ಇಲ್ಲವಲ್ಲ?’ ಆಮೇಲೆ, ‘ನಿಮ್ಮಷ್ಟು ನನ್ನನ್ನು ಅರ್ಥ ಮಾಡಿಕೊಂಡವರೇ ಇಲ್ಲ.’ ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಏನೂ ಇಲ್ಲ, ಮೇಲಧಿಕಾರಿಗೆ ಹೇಳಲು ಹೋದರೆ ತನಗೇ ಕ್ಷುಲ್ಲಕ ಅನಿಸುತ್ತದೆ. ಸಾಲಾಗಿ ಜೋಡಿಸಿದರೆ ಮಾತ್ರ, ಹಿಂದೆ ಯಾವುದೋ ಹುಡುಗಿಯನ್ನು ಅವನು ಪಳಗಿಸಿದ ದಾರಿಯೇ ಕಂಡೀತು. 1907ರ ಅಲ್ಲಿನ ಕಾನೂನು ಪ್ರೊಬೇಷನ್ ಅಧಿಕಾರಿಗೆ ಬುದ್ಧಿ ಹೇಳು, ನೆರವಾಗು, ಸ್ನೇಹದಿಂದಿರು ಎಂದಿತ್ತು. ಆ ಮೂರನೆಯದನ್ನು ಇಂಥವನ ಜೊತೆ ಹೆಣ್ಣುಮಗಳು ಎಷ್ಟು ಅಳೆದು ತೂಗಬೇಕು, ನೋಡಿ.

ಹಾಗಂತ ಗಂಡಸನ್ನು ಕೂರಿಸಿದರೆ ತೊಂದರೆ ತಪ್ಪಿತೇ? ‘ನೀವೂ ಗಂಡಸರಲ್ವಾ, ನಿಮಗೆ ಗೊತ್ತಿರುತ್ತೆ’ ಎಂದು ಅವನು ಕಣ್ಣು ಮಿಟುಕಿಸುತ್ತಾನೆ. ಮುಜುಗರಕ್ಕೆ ಅಧಿಕಾರಿ ಒಮ್ಮೆ ನಕ್ಕರೂ ಸಾಕು, ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾನೆ. ನನ್ನ ಕೇಳಿದರೆ ಇದೇ ಹೆಚ್ಚು ಅಪಾಯದ ಬಲೆ. ಹೊಗಳಿಕೆ ಕಿವಿಗೆ ಚುಚ್ಚುತ್ತದೆ, ಈ ಸಲಿಗೆ ಚುಚ್ಚುವುದಿಲ್ಲ.

ಇಂಥವರನ್ನು ತಿದ್ದುವ ಗುಂಪು ತರಗತಿಗಳನ್ನು ಹೆಣ್ಣು–ಗಂಡು ಜೋಡಿಯಾಗಿ ನಡೆಸುವ ರೂಢಿ ಇದಕ್ಕಾಗಿಯೇ ಬೆಳೆದದ್ದು. ಒಬ್ಬರನ್ನೊಬ್ಬರು ಗೌರವದಿಂದ ಕಾಣುವುದು ಹೇಗೆಂದು ಎದುರಿಗೆ ಕೂತವರು ಕಣ್ಣಾರೆ ನೋಡಲಿ ಅಂತ. ಅಲ್ಲೂ ಆ ಜೋಡಿಯಲ್ಲಿ ಗಂಡಸೇ ಮಾತಾಡುತ್ತಾ, ಹೆಂಗಸು ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಅಂದಿನ ಪಾಠ ತಲೆಕೆಳಗಾದಂತೆ! ಜೈಲುಗಳಲ್ಲಿದ್ದ ಲೈಂಗಿಕ ಅಪರಾಧಿಗಳಿಗಾಗಿನ ಹಳೆಯ ‘ಕೋರ್’ ತರಗತಿಯಲ್ಲಿ ಅಪರಾಧವನ್ನು ಗುಂಪಿನ ಮುಂದೆ ವಿವರವಾಗಿ ಹೇಳಿಸುತ್ತಿದ್ದರು, ನಡೆಸುವವರು ಎಲ್ಲವನ್ನೂ ಕೇಳಬೇಕಿತ್ತು. 2017ರಲ್ಲಿ ಪ್ರಕಟವಾದ ಸರ್ಕಾರಿ ಅಧ್ಯಯನ ನೋಡಿದರೆ, ಅದಕ್ಕೆ ಸೇರಿದವರಲ್ಲಿ 10% ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು, ಸೇರದವರಲ್ಲಿ 8%. ತರಗತಿಯನ್ನೇ ಕೈಬಿಟ್ಟರು.

ನಮ್ಮಲ್ಲಿ ಈ ಪ್ರಶ್ನೆ ಬೇರೆ ಥರ ಬರುತ್ತದೆ. 1958ರ ಪ್ರೊಬೇಷನ್ ಕಾಯ್ದೆಯಡಿ, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಕ್ಕೆ ಸನ್ನಡತೆಯ ಮೇಲೆ ಬಿಡುಗಡೆಯಿಲ್ಲ. ಅತ್ಯಾಚಾರ ಅದರೊಳಗೇ ಬಂತು. ಆದರೆ ಆರೋಪಿ ಹದಿನೆಂಟು ತುಂಬದ ಹುಡುಗನಾದರೆ, ಅವನ ಮನೆ–ಶಾಲೆ ವಿಚಾರಿಸಿ ಬಾಲ ನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಬರೆಯುವವರು ಸಾಮಾನ್ಯವಾಗಿ ಪ್ರೊಬೇಷನ್ ಅಧಿಕಾರಿಯೇ. ಅದು ಹೆಣ್ಣುಮಗಳೂ ಆಗಿರಬಹುದು.

ಮಗಳನ್ನು ಬಿಡಿಸಬೇಡಿ. ಒಂದು ಮಾತು ಮಾತ್ರ ಅವಳ ಆಫೀಸಿನಲ್ಲಿ ಕೇಳಿಕೊಳ್ಳಲಿ: ‘ಈ ಕೇಸು ನನಗೆ ಬೇಡ’ ಅಂದರೆ ಅದನ್ನು ಅವಳ ದೌರ್ಬಲ್ಯ ಅಂತ ಬರೆದುಕೊಳ್ಳುತ್ತಾರೋ, ಆ ಅಪರಾಧಿಯ ಬಗೆಗಿನ ಮಾಹಿತಿ ಅಂತ ಬರೆದುಕೊಳ್ಳುತ್ತಾರೋ?