ಹೋದ ವರ್ಷದ ಫೈಲನ್ನು ಮೊದಲು ತಿದ್ದಿ

ಹಂಪಿಯಲ್ಲಿರುವುದು ಕನ್ನಡ ವಿಶ್ವವಿದ್ಯಾಲಯ. ನಮ್ಮೂರಿನಲ್ಲಿರುವುದು ಮೈಸೂರು ವಿಶ್ವವಿದ್ಯಾನಿಲಯ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಅಲ್ಲಿ 'ಆಲಯ', ಇಲ್ಲಿ 'ನಿಲಯ'. ಎರಡೂ ಒಳ್ಳೆಯ ಕನ್ನಡವೇ. ಆದರೆ ಒಂದೇ ಆಹ್ವಾನ ಪತ್ರಿಕೆಯ ತಲೆಬರಹದಲ್ಲಿ ಒಂದು, ಕೆಳಗಿನ ವಿಳಾಸದಲ್ಲಿ ಇನ್ನೊಂದು ಬಂದರೆ ಓದುವವರು ಯಾವುದನ್ನು ನಂಬಬೇಕು?

ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಪ್ರಕಟಣೆಗಳನ್ನು ತಿದ್ದುವುದು ನನ್ನ ಕೆಲಸ. ಸುತ್ತೋಲೆ, ಅಧಿಸೂಚನೆ, ಪ್ರವೇಶ ಕೈಪಿಡಿ, ಘಟಿಕೋತ್ಸವದ ಆಹ್ವಾನ, ವಾರ್ಷಿಕ ವರದಿ, ಆಗಾಗ ಪಠ್ಯಪುಸ್ತಕ, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಇಷ್ಟನ್ನೂ ಒಬ್ಬರೇ ಬರೆಯುವುದಿಲ್ಲ. ಆದರೂ ಹೊರಗಿನವರಿಗೆ ಒಂದೇ ಸಂಸ್ಥೆ ಮಾತಾಡಿದ ಹಾಗೆ ಕೇಳಬೇಕು. ಅದಕ್ಕೆ ಬೇಕಾಗುವುದೇ ಬರವಣಿಗೆಯ ಒಂದು ಪದ್ಧತಿ. ಯಾವ ಪದ, ಯಾವ ಕಾಗುಣಿತ ಬಳಸಬೇಕು ಅಂತ ನಿಗದಿ ಮಾಡಿ ಬರೆದಿಟ್ಟ ಆ ಹಾಳೆಯನ್ನು ನಾವು ಸ್ಟೈಲ್ ಶೀಟ್ ಅಂತಲೇ ಕರೆಯುತ್ತೇವೆ.

ಇದನ್ನು ಸಣ್ಣ ವಿಷಯ ಅಂದುಕೊಳ್ಳುವವರೇ ಜಾಸ್ತಿ. ಅರ್ಥ ಆದರೆ ಸಾಕಲ್ವಾ ಅನ್ನುತ್ತಾರೆ. ಅರ್ಥ ಆಗುವುದಿಲ್ಲ ಅನ್ನುವುದೇ ನನ್ನ ತಕರಾರು. ಪರೀಕ್ಷಾ ಶುಲ್ಕದ ಸುತ್ತೋಲೆ ಒಂದನ್ನು ನೋಡಿ. ಮೊದಲ ಸಾಲಿನಲ್ಲಿ 'ಪುನರಾವರ್ತಿತ ಅಭ್ಯರ್ಥಿಗಳು' ಅಂತ ಇರುತ್ತದೆ. ಎರಡನೇ ಪ್ಯಾರಾದಲ್ಲಿ ಅವರೇ 'ಬ್ಯಾಕ್‌ಲಾಗ್ ವಿದ್ಯಾರ್ಥಿಗಳು' ಆಗಿರುತ್ತಾರೆ. ಕೆಳಗಿನ ಶುಲ್ಕದ ಪಟ್ಟಿಗೆ ಬರುವಷ್ಟರಲ್ಲಿ 'ರಿಪೀಟರ್ಸ್'. ಬರೆದವರಿಗೆ ಮೂರೂ ಒಂದೇ ಅಂತ ಗೊತ್ತು. ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ ಕೂತು ಫೋನಿನಲ್ಲಿ ಓದುವ ಹುಡುಗಿಗೆ ಗೊತ್ತಿಲ್ಲ. ಮೂರು ಹೆಸರು ಇದೆ ಅಂದಮೇಲೆ ಮೂರು ಗುಂಪು ಇರಬೇಕು ಅಂತ ಅವಳು ಅಂದುಕೊಂಡರೆ ಅದು ನ್ಯಾಯವೇ. ನನ್ನ ಕೊನೆಯ ದಿನಾಂಕ ಯಾವುದು, ದಂಡ ಎಷ್ಟು ಅಂತ ಕೇಳಲು ಬಸ್ಸು ಹತ್ತಿ ಮೈಸೂರಿಗೆ ಬರುತ್ತಾಳೆ. ಕೌಂಟರಿನ ಮುಂದೆ ಕ್ಯೂ ನಿಲ್ಲುತ್ತಾಳೆ. ಅವಳ ಒಂದು ದಿನ ಹೋಯಿತು. ನಾವು ಒಂದು ಪದ ನಿಗದಿ ಮಾಡದೇ ಇದ್ದುದಕ್ಕೆ.

ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಅಂತ ಶಾಲೆಯ ಪ್ರಬಂಧಗಳಲ್ಲಿ ಹೇಳಿಕೊಟ್ಟಿರುತ್ತಾರೆ. ಕಥೆಗೆ, ಪ್ರಬಂಧಕ್ಕೆ ಅದು ಸರಿ. ಸುತ್ತೋಲೆಯಲ್ಲಿ ಮಾತ್ರ ಅದೇ ಪದ ಹತ್ತು ಸಲ ಬಂದರೂ ಬರಲಿ ಅನ್ನುತ್ತೇನೆ.

ಕೆಲಸಕ್ಕೆ ಇಳಿಯುವ ಮೊದಲು ತಪ್ಪನ್ನೂ ಆಯ್ಕೆಯನ್ನೂ ಬೇರೆ ಮಾಡಿಕೊಳ್ಳಬೇಕು. 'ಧೃಢೀಕರಣ' ತಪ್ಪು, 'ದೃಢೀಕರಣ' ಸರಿ. ಅದಕ್ಕೆ ನಿಘಂಟು ಸಾಕು, ಪದ್ಧತಿ ಬೇಡ. ಆದರೆ 'ಎಲ್ಲ' ಅನ್ನಬೇಕೋ 'ಎಲ್ಲಾ' ಅನ್ನಬೇಕೋ? 'ಗಣಕ ವಿಜ್ಞಾನ'ವೋ 'ಕಂಪ್ಯೂಟರ್ ವಿಜ್ಞಾನ'ವೋ? ೨೦೨೫ ಅಂತಲೋ 2025 ಅಂತಲೋ? 'ಡಾ.' ಸಾಕೋ, ಹಳೆಯ ಲಗ್ನಪತ್ರಿಕೆಗಳಂತೆ 'ಡಾ||' ಬೇಕೋ? ಇವುಗಳಲ್ಲಿ ಯಾವುದನ್ನೂ ತಪ್ಪು ಅನ್ನಲಾಗದು. ಯಾರೋ ಕೂತು ಒಂದನ್ನು ಆರಿಸಬೇಕು, ಅಷ್ಟೇ. ಇದಕ್ಕೆಂದು ಸಭೆ ಕರೆದರೆ ವಿದ್ವಾಂಸರು ಯಾವುದು ಶುದ್ಧ ಅಂತ ಚರ್ಚೆಗೆ ಇಳಿಯುತ್ತಾರೆ. ಅವರ ತಿಳಿವಳಿಕೆಯ ಮೇಲೆ ನನಗೆ ತುಂಬಾ ಗೌರವ ಇದೆ. ಆದರೂ ಆ ಸಭೆಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ನಾಳೆಯಿಂದ ನಾವು ಯಾವುದನ್ನು ಬಳಸೋಣ?

ಈ ಕೆಲಸಕ್ಕೆ ಹಳೆಯ ಪರಂಪರೆಯೇ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಹೊರೇಸ್ ಹಾರ್ಟ್ 1893ರಲ್ಲಿ ತಮ್ಮ ಅಚ್ಚುಮೊಳೆ ಜೋಡಿಸುವವರಿಗೆ, ಪ್ರೂಫ್ ನೋಡುವವರಿಗೆ ಅಂತ ಒಂದು ಸಣ್ಣ ನಿಯಮ ಪುಸ್ತಿಕೆ ಅಚ್ಚು ಮಾಡಿಸಿದರು. ಹೊರಗಿನವರಿಗೆ ಅದು ಮಾರಾಟಕ್ಕೆ ಸಿಕ್ಕಿದ್ದು 1904ರಲ್ಲಿ. ಶಿಕಾಗೊ ವಿಶ್ವವಿದ್ಯಾನಿಲಯದ ಮುದ್ರಣಾಲಯದ ಕೈಪಿಡಿ 1906ರಲ್ಲಿ ಪುಸ್ತಕವಾಗುವ ಮೊದಲು ಒಂದೇ ಹಾಳೆಯಲ್ಲಿತ್ತು. ಎರಡೂ ಹುಟ್ಟಿದ್ದು ಅಚ್ಚಿನ ಮನೆಯ ಕೆಲಸಗಾರರಿಗಾಗಿ. ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಮೈಸೂರಿನಲ್ಲೂ ಈ ಕೆಲಸ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ 1946ರ ಇಂಗ್ಲಿಷ್–ಕನ್ನಡ ನಿಘಂಟು, ಆಮೇಲೆ ಬಂದ ಕನ್ನಡ ವಿಶ್ವಕೋಶದ 14 ಸಂಪುಟಗಳು, ಇವೆಲ್ಲ ಹಲವು ಕೈಗಳ ಬರಹ. ಬರೆಯುವ ಕೈ ಬೇರೆ ಬೇರೆಯಾದರೂ ಅಚ್ಚಾಗುವ ಬಗೆ ಒಂದೇ ಇರಬೇಕು ಅನ್ನುವ ಎಚ್ಚರ ಇಲ್ಲದೆ ಅಂಥ ಪುಸ್ತಕ ಆಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಸಂಸ್ಥೆಗಳಲ್ಲಿ ಸ್ಟೈಲ್ ಶೀಟ್ ಮಾಡುತ್ತಾರೆ, ಬಿಡುಗಡೆ ಮಾಡುತ್ತಾರೆ, ವಿಭಾಗಗಳಿಗೆ ಕಳಿಸುತ್ತಾರೆ. ಆರು ತಿಂಗಳಲ್ಲಿ ಅದು ಬೀರು ಸೇರುತ್ತದೆ. ಕಾರಣ ಸೋಮಾರಿತನ ಅಲ್ಲ. ವಿಶ್ವವಿದ್ಯಾನಿಲಯದಲ್ಲಿ ಬರಹ ಹುಟ್ಟುವ ಬಗೆಯೇ ಬೇರೆ. ಇಲ್ಲಿ ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ವಿಷಯ ನಿರ್ವಾಹಕರು, ಅಂದರೆ ಆ ಫೈಲು ನೋಡಿಕೊಳ್ಳುವ ಸಿಬ್ಬಂದಿ, ಹೋದ ವರ್ಷದ ಫೈಲ್ ತೆರೆಯುತ್ತಾರೆ, 'ಸೇವ್ ಆ್ಯಸ್' ಕೊಡುತ್ತಾರೆ, ದಿನಾಂಕ ಬದಲಾಯಿಸುತ್ತಾರೆ. ಒಂದು ಅಧಿಸೂಚನೆ ಹಿಡಿದು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: "ಮೇಡಂ, ಹೋದ ವರ್ಷದ್ದೇ ತೆಗೆದು ತಾರೀಖು ಮಾತ್ರ ಚೇಂಜ್ ಮಾಡಿದ್ದೀನಿ." ಅವರು ಮಾಡಿದ್ದು ಸರಿಯೇ. ಮೇಲಿನವರು ಒಪ್ಪಿ ಸಹಿ ಹಾಕಿದ ಪಠ್ಯ ಅದು. ಅದನ್ನು ಬಿಟ್ಟು ಹೊಸದಾಗಿ ಬರೆದು ಬೈಸಿಕೊಳ್ಳಲು ಯಾರಿಗೆ ಇಷ್ಟ?

ಹಾಗಾಗಿ ನನ್ನ ಸಲಹೆ ಇದು. ಸ್ಟೈಲ್ ಶೀಟ್ ಬರೆಯುವ ಮೊದಲು, ವರ್ಷವರ್ಷವೂ ನಕಲಾಗುವ ಫೈಲುಗಳನ್ನು ಹುಡುಕಿ. ಶುಲ್ಕದ ಸುತ್ತೋಲೆ, ಪ್ರವೇಶ ಪ್ರಕಟಣೆ, ಪರೀಕ್ಷಾ ವೇಳಾಪಟ್ಟಿ, ಸಂದರ್ಶನ ಪತ್ರ, ಟೆಂಡರ್ ಪ್ರಕಟಣೆ, ಘಟಿಕೋತ್ಸವದ ಆಹ್ವಾನ. ಅವನ್ನು ಕೂತು ಸಾಲು ಸಾಲಾಗಿ ತಿದ್ದಿ. ಬದಲಾಗುವ ಜಾಗವನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿ. ಆಯಾ ಶಾಖೆಯ ಅಧೀಕ್ಷಕರ ಒಪ್ಪಿಗೆ ತೆಗೆದುಕೊಂಡು, ಅವರ ಕಂಪ್ಯೂಟರಿನಲ್ಲೇ ಹಳೆಯದರ ಜಾಗಕ್ಕೆ ಇದನ್ನು ಹಾಕಿ. ಮುಂದಿನ ವರ್ಷ ಅವರು ಅದನ್ನೇ ನಕಲು ಮಾಡುತ್ತಾರೆ. ಹೆಪ್ಪು ಚೆನ್ನಾಗಿದ್ದರೆ ನಾಳೆಯ ಮೊಸರೂ ಚೆನ್ನಾಗಿರುತ್ತದಲ್ಲ, ಹಾಗೆ. ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಕಂಪ್ಯೂಟರಿನ ಮಾತು ಬಂದಿದ್ದಕ್ಕೆ, ಕನ್ನಡಕ್ಕೇ ಇರುವ ಕೆಲವು ಫಜೀತಿ ಹೇಳಬೇಕು. ಕಣ್ಣಿಗೆ ಒಂದೇ ಥರ ಕಂಡರೂ ಯಂತ್ರಕ್ಕೆ ಬೇರೆಯಾಗುವ ಬರಹ ನಮ್ಮಲ್ಲಿ ಎಷ್ಟೊಂದಿದೆ! ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ 'ಅ೦ಕಪಟ್ಟಿ' ಅಂತ ಟೈಪ್ ಮಾಡುವವರಿದ್ದಾರೆ. ಅಚ್ಚಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ 'ಅಂಕಪಟ್ಟಿ' ಅಂತ ಹುಡುಕುವ ವಿದ್ಯಾರ್ಥಿಗೆ ಆ ಪ್ರಕಟಣೆ ಸಿಗುವುದೇ ಇಲ್ಲ.

ಇನ್ನೊಂದು, 'ರ‍್ಯಾಂಕ್'. ವಿಶ್ವವಿದ್ಯಾನಿಲಯದಲ್ಲಿ ಈ ಪದ ಇಲ್ಲದ ಋತುವೇ ಇಲ್ಲ. ಸುಮ್ನೆ ಟೈಪ್ ಮಾಡಿದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತದೆ, 'ಸೂರ್ಯ'ದಲ್ಲಿ ಬರುವ ಹಾಗೆ. 'ರ' ಪೂರ್ತಿ ಉಳಿದು ಕೆಳಗೆ 'ಯ' ಒತ್ತು ಬರಬೇಕಾದರೆ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಒಂದೇ ಫಲಿತಾಂಶ ಪಟ್ಟಿಯಲ್ಲಿ ಎರಡೂ ಬಗೆ ಸೇರಿದರೆ, ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ಎಷ್ಟೋ ಸಲ ಕೈಕೊಡುತ್ತದೆ. 'ಕ್ಯಾಂಪಸ್‌ನಲ್ಲಿ' ಅನ್ನುವುದೂ ಹೀಗೆಯೇ. ಕೆಲವರು 'ಕ್ಯಾಂಪಸ್ ನಲ್ಲಿ' ಅಂತ ಬಿಡಿಸುತ್ತಾರೆ, ಕೆಲವರ ಕೈಯಲ್ಲಿ ಅದು 'ಕ್ಯಾಂಪಸ್ನಲ್ಲಿ' ಅಂತ ಒತ್ತಕ್ಷರ ಆಗುತ್ತದೆ. ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರಬೇಕು, ಆದರೆ ಒತ್ತಕ್ಷರ ಆಗಬಾರದು ಅನ್ನುವುದು ನಮ್ಮ ನಿರ್ಧಾರ. ಅದಕ್ಕೆ ಯಾವ ಕೀ ಒತ್ತಬೇಕು ಅನ್ನುವುದನ್ನೂ ಹಾಳೆಯಲ್ಲೇ ಬರೆದಿಟ್ಟಿದ್ದೇವೆ. ಡಿಟಿಪಿ ಮಾಡುವವರಿಗೆ ಬೇಕಾದದ್ದು ವ್ಯಾಕರಣದ ವಿವರಣೆ ಅಲ್ಲ, ಆ ಕೀ. ಇನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟಿನ ಕಡತಗಳನ್ನು ಇಂದಿನ ಯೂನಿಕೋಡ್ ಬರಹಕ್ಕೆ ತಂದಾಗ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಲೇಬೇಕು. ಇದಕ್ಕೆ ಸುಲಭದ ದಾರಿ ನನಗೆ ಕಂಡಿಲ್ಲ.

ಹುದ್ದೆಯ ಹೆಸರುಗಳ ಗೊಂದಲ ಬೇಗ ಮುಗಿಯುವಂಥದ್ದು. ರಾಜ್ಯಪಾಲರು ಕುಲಾಧಿಪತಿ, ವಿಶ್ವವಿದ್ಯಾನಿಲಯವನ್ನು ನಡೆಸುವವರು ಕುಲಪತಿ, ಆಡಳಿತ ನೋಡುವವರು ಕುಲಸಚಿವ. ಹಳೆಯ ಬರಹಗಳಲ್ಲಿ ಇಂದಿನ ಕುಲಪತಿಗೆ 'ಉಪಕುಲಪತಿ' ಅಂತ ಇರುತ್ತದೆ. ಅದನ್ನು ಉಲ್ಲೇಖಿಸುವಾಗ ಮೂಲದಲ್ಲಿ ಇದ್ದಂತೆ ಬಿಡಿ, ನಿಮ್ಮ ಮಾತಿನಲ್ಲಿ ಕುಲಪತಿ ಅನ್ನಿ. ಊರಿನ ಹೆಸರೂ ಹೀಗೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರು ಮೈಸೂರು (Mysuru) ಆಯಿತು. ಆದರೆ ಸಂಸ್ಥೆಯ ಇಂಗ್ಲಿಷ್ ಹೆಸರು 'ಯೂನಿವರ್ಸಿಟಿ ಆಫ್ ಮೈಸೂರ್' (Mysore) ಅಂತಲೇ ಉಳಿದಿದೆ. ಒಂದೇ ವಿಳಾಸದಲ್ಲಿ ಎರಡು ಕಾಗುಣಿತ ಬಂದರೂ ಎರಡೂ ಸರಿ. ಹೊಸಬರು ಅದನ್ನು ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ, ಹಾಗಾಗಿ ಇದನ್ನು ಬರೆದಿಡಬೇಕು.

ಧಾಟಿಯ ವಿಷಯ ಸ್ವಲ್ಪ ಕಷ್ಟ. "ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ" ಅಂತ ಶುರುವಾಗುವ ವಾಕ್ಯ ಐದು ಸಾಲು ಓಡಿ 'ಹಾಜರಿರತಕ್ಕದ್ದು' ಅಂತ ನಿಲ್ಲುತ್ತದೆ. ನಾವು ಒಂದು ಗೆರೆ ಎಳೆದುಕೊಂಡಿದ್ದೇವೆ. ಪರಿನಿಯಮ, ಅಧಿನಿಯಮಗಳಲ್ಲಿ 'ತಕ್ಕದ್ದು' ಇರಲಿ, ಅಲ್ಲಿ ಕಾನೂನಿನ ಅರ್ಥ ಇದೆ. ವಿದ್ಯಾರ್ಥಿಗಳಿಗೆ ಹೋಗುವ ಸೂಚನೆಯಲ್ಲಿ 'ಬೇಕು' ಸಾಕು. "ಶುಲ್ಕ ಕಟ್ಟಲು ಕೊನೆಯ ದಿನ ಜೂನ್ 12" ಅಂತ ಮೊದಲ ಸಾಲಿನಲ್ಲೇ ಹೇಳಿ, ಉಲ್ಲೇಖ ಸಂಖ್ಯೆಗಳನ್ನು ಕೆಳಗೆ ಹಾಕಬಹುದು. ಇದರಿಂದ ಗಾಂಭೀರ್ಯ ಹೋಗುತ್ತದೆ ಅಂತ ಹಿರಿಯ ಅಧಿಕಾರಿಗಳು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1933ರಲ್ಲೇ ಪ್ರಚಾರೋಪನ್ಯಾಸಗಳನ್ನು ಶುರು ಮಾಡಿ, ಜನರ ಹತ್ತಿರ ತಿಳಿಗನ್ನಡದಲ್ಲಿ ವಿಜ್ಞಾನ ಮಾತಾಡಿದೆ. ಅದರ ಗಾಂಭೀರ್ಯಕ್ಕೆ ಏನೂ ಆಗಲಿಲ್ಲ.

ಗೌರವವಾಚಕದಲ್ಲಿ ಮಾತ್ರ ಮೆತ್ತಗೆ ಹೋಗಬೇಕು. 'ಕುವೆಂಪುರವರು' ಬೇಡ, 'ಕುವೆಂಪು ಅವರು' ಅನ್ನಿ ಅಂದರೆ ಎಲ್ಲರೂ ಒಪ್ಪುತ್ತಾರೆ. ಸಂಶೋಧನಾ ಬರಹದಲ್ಲಿ 'ಅವರು' ಇಲ್ಲದೆ ಬರೆಯಬಹುದು ಅಂದರೆ ಕೆಲವರ ಮನಸ್ಸು ನೋಯುತ್ತದೆ. ಗುರುಗಳ ಹೆಸರನ್ನು ಬರೀ ಹೆಸರಾಗಿ ಬರೆಯಲು ಕೈ ಬರುವುದಿಲ್ಲ ಅನ್ನುತ್ತಾರೆ. ಇದು ನಮ್ಮ ಸಂಸ್ಕಾರ, ಅದನ್ನು ಒಂದು ಹಾಳೆ ಬದಲಾಯಿಸಬೇಕಾಗಿಲ್ಲ. ಒಂದು ಪುಸ್ತಕದೊಳಗೆ ಎಲ್ಲರಿಗೂ ಒಂದೇ ನ್ಯಾಯ ಇರಲಿ ಅಂತ ಮಾತ್ರ ಕೇಳುತ್ತೇನೆ. ಪುರುಷ ವಿದ್ವಾಂಸರಿಗೆ ಬಹುವಚನ, ಲೇಖಕಿಯರಿಗೆ ಏಕವಚನ ಬಂದ ಕರಡುಗಳು ಈಗಲೂ ಬರುತ್ತವೆ. ಅದನ್ನು ಮಾತ್ರ ನಾನು ಬಿಡುವುದಿಲ್ಲ.

ಹಾಳೆ ದಪ್ಪ ಆಗದ ಹಾಗೆ ನೋಡಿಕೊಳ್ಳಿ. ಪ್ರತಿ ನಿರ್ಧಾರದ ಮುಂದೆ ತೆಗೆದುಕೊಂಡ ದಿನಾಂಕ, ಒಂದು ಸಾಲಿನ ಕಾರಣ ಇರಲಿ. ಕಾರಣ ಇಲ್ಲದಿದ್ದರೆ ಅಧಿಕಾರಿ ಬದಲಾದ ತಕ್ಷಣ ಅದೇ ಚರ್ಚೆ ಮತ್ತೆ ಶುರುವಾಗುತ್ತದೆ. ಫೋನ್ ಎತ್ತಿ ಉತ್ತರ ಹೇಳುವ ಒಬ್ಬರು ಬೇಕು. ಶುಕ್ರವಾರ ಸಂಜೆ ನಾಲ್ಕೂವರೆಗೆ 'ಮೇಡಂ, ಸಮಕುಲಾಧಿಪತಿ ಒಂದೇ ಪದಾನಾ?' ಅಂತ ಕೇಳಿದವರಿಗೆ ಆಗಲೇ ಉತ್ತರ ಸಿಕ್ಕಬೇಕು. ಸೋಮವಾರ ಹೇಳುತ್ತೇನೆ ಅಂದರೆ ಅಷ್ಟರಲ್ಲಿ ಅದು ಅಚ್ಚಾಗಿರುತ್ತದೆ.

ಪದ್ಧತಿ ಕೈ ಹಾಕಬಾರದ ಜಾಗವೂ ಒಂದಿದೆ. ಅದು ವಿದ್ಯಾರ್ಥಿಯ ಹೆಸರು. ಕಾಗುಣಿತ ಬಲ್ಲವರಿಗೆ 'ಶೃತಿ' ಕಂಡರೆ 'ಶ್ರುತಿ' ಅಂತ ತಿದ್ದುವ ಆಸೆ ಆಗುತ್ತದೆ. ನಿಘಂಟಿನ ಪ್ರಕಾರ ಅವರು ಸರಿ. ಆದರೆ ಆ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಶೃತಿ' ಅಂತ ಇದ್ದರೆ ಅವಳ ಹೆಸರು ಅದೇ. ಪದವಿ ಪ್ರಮಾಣಪತ್ರದಲ್ಲಿ ಒಂದಕ್ಷರ ಬೇರೆಯಾದರೆ ಕೆಲಸದ ದಾಖಲೆ ಪರಿಶೀಲನೆಯಲ್ಲಿ ಅವಳು ನೋಟರಿ, ಅಫಿಡವಿಟ್ ಅಂತ ಅಲೆಯಬೇಕು. ಇನಿಷಿಯಲ್ ಹೆಸರಿನ ಹಿಂದೆ ಇದೆಯೋ ಮುಂದೆ ಇದೆಯೋ, ಚುಕ್ಕಿ ಇದೆಯೋ ಇಲ್ಲವೋ, ಅದೂ ಅಂಕಪಟ್ಟಿಯಲ್ಲಿ ಇದ್ದಂತೆಯೇ. ಪ್ರಮಾಣಪತ್ರ ಅಚ್ಚಿಗೆ ಹೋಗುವ ಮೊದಲು ಹೆಸರಿನ ಪಟ್ಟಿಯನ್ನು ಕಾಲೇಜುಗಳಿಗೆ ಕಳಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಕಾಗುಣಿತ ತೋರಿಸಿ, ವಿದ್ಯಾರ್ಥಿಯಿಂದಲೇ ಸಹಿ ತರಿಸಿಕೊಳ್ಳುವುದು ಒಳ್ಳೆಯದು. ಎರಡು ವಾರ ಜಾಸ್ತಿ ಹಿಡಿಯುತ್ತದೆ. ಘಟಿಕೋತ್ಸವದ ದಿನಾಂಕ ಗೊತ್ತಾದ ಕೂಡಲೇ ಆ ಎರಡು ವಾರವನ್ನು ವೇಳಾಪಟ್ಟಿಯಲ್ಲಿ ಸೇರಿಸಿಬಿಡಿ.