ಕೊಡಲಿ ಕಾವು ಸಡಿಲಾಯ್ತಾ? ನೀರಿಗೆ ಹಾಕಬೇಡಿ ಮಾರಾಯ್ರೇ

ಪ್ರಶ್ನೆ: ಕೊಡಲಿಗೆ ಯಾವ ಮರದ ಕಾವು ಒಳ್ಳೆಯದು? ನಮ್ಮದು ಪ್ರತಿ ವರ್ಷ ಸಡಿಲಾಗ್ತದೆ. ರಾತ್ರಿ ಬಕೆಟಲ್ಲಿ ನೆನೆಸಿಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟೆನೋ, ಲೆಕ್ಕ ಬಿಟ್ಟಿದ್ದೇನೆ. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಅಂತ ಗಾದೆ ಎಲ್ಲರಿಗೂ ಬಾಯಿಪಾಠ. ಕಾವನ್ನು ತಿರುಗಿಸಿ ನೋಡುವವರು ಮಾತ್ರ ಕಡಿಮೆ.

ಮರದ ವಿಷಯ ಬೇಗ ಮುಗಿಸುತ್ತೇನೆ. ತಡಸಲು ಸಿಕ್ಕಿದರೆ ಬಿಡಬೇಡಿ, ಪೆಟ್ಟಿಗೆ ಬಳುಕುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಹುಣಸೆಯೂ ಆಗುತ್ತದೆ. ಸಾಗುವಾನಿ ಬಾಗಿಲಿಗೆ ಚೆಂದ, ಕೊಡಲಿಗೆ ಬೇಡ. ಮರದ ಹೆಸರಿಗಿಂತ ಜಾಸ್ತಿ ನೋಡಬೇಕಾದದ್ದು ಅದರ ನಾರಿನ ಎಳೆ. ಅದು ಈ ತುದಿಯಿಂದ ಆ ತುದಿವರೆಗೆ ಓಡಬೇಕು. ನಡುವೆ ಪಕ್ಕಕ್ಕೆ ಹೊರಬಿದ್ದರೆ ಅಲ್ಲಿಯೇ ಸೀಳುತ್ತದೆ. ಪೇಂಟ್ ಬಳಿದ ಕಾವು ಬೇಡವೇ ಬೇಡ, ಗಂಟು ಕಾಣುವುದಿಲ್ಲ.

ಇನ್ನು ಬಕೆಟ್ಟು. ನೆನೆಸಿದರೆ ಬಿಗಿಯಾಗುತ್ತದೆ, ನಾನು ಇಲ್ಲ ಅಂದಿಲ್ಲ. ಬೆಳಿಗ್ಗೆ ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ. ಆದರೆ ಒಳಗೆ ಏನಾಯ್ತು? ಮರ ನೀರು ಕುಡಿದು ಉಬ್ಬಿತು. ಸುತ್ತ ಕಬ್ಬಿಣ ಉಂಟಲ್ವಾ, ಅದು ಜಾಗ ಕೊಡಲಿಲ್ಲ. ಎಳೆಗಳು ಅಲ್ಲೇ ಜಜ್ಜಿಹೋದವು. ಒಣಗಿದ ಮೇಲೆ ಕಾವು ಮೊದಲಿಗಿಂತಲೂ ಸಣ್ಣ. ಮತ್ತೆ ನೆನೆಸುತ್ತೀರಿ, ಇನ್ನೂ ಸಣ್ಣ. ನಮ್ಮ ಮಂಗಳೂರು, ಉಡುಪಿ ಕಡೆ ಬಕೆಟ್ಟೂ ಬೇಕಾಗಿಲ್ಲ. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಮೂಲೆಯಲ್ಲಿ ಸುಮ್ನೆ ನಿಂತ ಕೊಡಲಿಯೂ ಆಟಿಯಲ್ಲಿ (ಜುಲೈ-ಆಗಸ್ಟ್) ಬಿಗಿ, ಮಾರ್ಚಲ್ಲಿ ಸಡಿಲ.

ನಾನೂ ಎರಡು ವರ್ಷ ನೆನೆಸಿದವನೇ. ಬಚ್ಚಲೊಲೆಗೆ ಗೇರಿನ ಕಟ್ಟಿಗೆ ಒಡೆಯುವಾಗ ಕಬ್ಬಿಣ ಹಾರಿ ಹಲಸಿನ ಬುಡದಲ್ಲಿ ಬಿತ್ತು. ಕೈಯಲ್ಲಿ ಬರೀ ಕೋಲು. ತೂತಿನೊಳಗಿದ್ದ ಭಾಗ ಕಪ್ಪಾಗಿ, ನುಣ್ಣಗೆ, ಸುತ್ತಲೂ ಉಗುರಿನ ದಪ್ಪದಷ್ಟು ಕುಗ್ಗಿಹೋಗಿತ್ತು.

ಬಿಸಿಲ ತಿಂಗಳಲ್ಲಿ ಚೆನ್ನಾಗಿ ಒಣಗಿದ ಕಾವು ಹಾಕಿಸಿ. ತುದಿಗೆ ಗರಗಸದ ಸೀಳು ಕೊಟ್ಟು ಗಟ್ಟಿ ಮರದ ಬೆಣೆ ಹೊಡೆಯಿರಿ. ಮೊಳೆ ಹೊಡೆದರೆ ಕಾವು ಸೀಳುತ್ತದೆ, ಅಷ್ಟೇ. ಆಮೇಲೆ ಪೇಂಟ್ ಅಂಗಡಿಯ ಲಿನ್ಸೀಡ್ (ಅಗಸೆ) ಎಣ್ಣೆ ತಿಕ್ಕಿ. ತೆಂಗಿನೆಣ್ಣೆ ಒಣಗುವುದಿಲ್ಲ, ಅದು ಕಬ್ಬಿಣಕ್ಕಿರಲಿ. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ.

ಕಬ್ಬಿಣದ ಹದ ನೋಡಲು ತಟ್ಟಿ ಸದ್ದು ಕೇಳುವುದನ್ನೂ ಬಿಡಿ. ಕೊಡಲಿಯ ಬಾಯಿಗೆ ಅರ (ಫೈಲ್) ಹಾಕಿ ನೋಡಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ವಿಪರೀತ ಗಡಸು, ಚಕ್ಕೆ ಏಳುತ್ತದೆ. ಬಾಳೆದಿಂಡು ಕೊರೆದ ಹಾಗೆ ಕೊರೆದರೆ ಮೆತ್ತಗೆ. ಸ್ವಲ್ಪ ಕಷ್ಟಪಟ್ಟು ಕಚ್ಚಬೇಕು. ಲಾರಿಯ ಸ್ಪ್ರಿಂಗ್ ಪ್ಲೇಟಿನದ್ದೇ ಆದರೂ ಕುಲುಮೆಯಲ್ಲಿ ಹದ ತಪ್ಪಿದರೆ ಮುಗಿಯಿತು.

ಯಾರೂ ಕೇಳಲಿಲ್ಲ, ಆದರೂ ಉಡುಪಿ ಹತ್ತಿರದ ಶಂಕರಪುರದ ಕಡೆ ಮಲ್ಲಿಗೆ ಗಿಡ ಸವರುವವರಿಗೆ ಒಂದು ಮಾತು. ಹಸಿ ಗೆಲ್ಲಿಗೆ ಎರಡು ಅಲಗು ಪಕ್ಕಪಕ್ಕ ಜಾರುವ ಕತ್ತರಿ ಬೇಕು. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುವಂಥದ್ದು ಒಣ ಕಡ್ಡಿಗೆ ಸರಿ, ಹಸಿಯದ್ದನ್ನು ಜಜ್ಜುತ್ತದೆ. ಪಕ್ಕಪಕ್ಕ ಜಾರುವ ಕತ್ತರಿಯಲ್ಲಿ ಹರಿತವಾದ ಅಲಗು ಗಿಡದಲ್ಲಿ ಉಳಿಯುವ ಗೆಲ್ಲಿನ ಕಡೆಗಿರಲಿ, ಕೊಕ್ಕೆಯ ಹಾಗೆ ಬಾಗಿದ ಇನ್ನೊಂದು ಅಲಗು ಬಿದ್ದುಹೋಗುವ ತುಂಡಿನ ಕಡೆಗೆ. ನಾನು ನೋಡಿದವರಲ್ಲಿ ಹೆಚ್ಚಿನವರು ಹಿಡಿಯುವುದು ಉಲ್ಟಾ.