ಮನೆ ಹರಾಜಿಗೆ ಬಂದಾಗ ಮನೆಯವರು ಓದಬೇಕಾದ ಕಾಗದಗಳು

ಹರಾಜಿನ ನೋಟಿಸು ಬಾಗಿಲಿಗೆ ಅಂಟಿದ ಮೇಲೆ ವಕೀಲರನ್ನು ಹುಡುಕಿಕೊಂಡು ಬರುವ ಕುಟುಂಬಗಳು ಹೆಚ್ಚಾಗಿ ಕೇಳುವುದು, ಇದನ್ನು ಹೇಗಾದರೂ ನಿಲ್ಲಿಸಲು ಸಾಧ್ಯವೇ ಎಂದು. ನಿಲ್ಲಿಸಲು ಕಾರಣಗಳಿದ್ದರೆ ಖಂಡಿತ ಪ್ರಯತ್ನಿಸಬೇಕು. ಆದರೆ ಹರಾಜು ಆಗಿಯೇ ತೀರುವುದಾದರೆ ಅದು ಸರಿಯಾದ ಬೆಲೆಗೆ ಆಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಮಾತ್ರ ಬಹುತೇಕ ಯಾರೂ ಕೇಳುವುದಿಲ್ಲ. ಸಾಲ, ಬಡ್ಡಿ, ವಸೂಲಿಯ ಖರ್ಚು ಇವೆಲ್ಲ ತೀರಿದ ಮೇಲೆ ಉಳಿಯುವ ಹಣ ಮನೆಯವರದು. ಬಂದ ಬೆಲೆ ಸಾಲಕ್ಕೆ ಸಾಲದೆ ಹೋದರೆ ಆ ಕೊರತೆಯೂ ಅವರ ತಲೆಯ ಮೇಲೆಯೇ, ಜೊತೆಗೆ ಊರಿನ ಸಂಬಂಧಕ್ಕೆ ಕಟ್ಟುಬಿದ್ದು ಜಾಮೀನು ನಿಂತ ಸ್ನೇಹಿತನ ತಲೆಯ ಮೇಲೂ ಉಳಿಯುತ್ತದೆ. ಹೀಗಿರುವಾಗ ನೋಟಿಸನ್ನು ಒಡೆಯದೆ ಕಪಾಟಿನಲ್ಲಿಟ್ಟು ಕೆಲವು ದಿನ ಊರಿಗೆ ಹೋಗಿಬರುವುದು, ಮುಂಬಯಿಯ ನಮ್ಮ ಜನರಲ್ಲಿ ನಾನು ಮತ್ತೆ ಮತ್ತೆ ಕಾಣುವ ಈ ನಡವಳಿಕೆ, ತುಂಬ ದುಬಾರಿಯಾದದ್ದು.

ಮೊದಲು ತಿಳಿಯಬೇಕಾದದ್ದು ಯಾವ ಕಾಯ್ದೆಯಡಿ ಹರಾಜು ನಡೆಯುತ್ತಿದೆ ಎಂಬುದನ್ನು. ಬ್ಯಾಂಕಿಗೆ ಅಡವಿಟ್ಟ ಫ್ಲ್ಯಾಟಾದರೆ, ಕೋರ್ಟಿಗೆ ದಾವೆ ಹೂಡದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆಯನ್ನು ಬಳಸಬಹುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲೇ ತೀರ್ಮಾನಿಸಿತು. ಪತಪೇಢಿಗಳು, ಅಂದರೆ ಸದಸ್ಯರಿಗೆ ಸಾಲ ಕೊಡುವ ಸಹಕಾರಿ ಪತ್ತಿನ ಸಂಘಗಳು, ಬ್ಯಾಂಕುಗಳಲ್ಲ. ಅವು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಡಿ ವಸೂಲಿ ಪ್ರಮಾಣಪತ್ರ ಪಡೆದು, 1961ರ ನಿಯಮಗಳ 107ನೇ ನಿಯಮದ ಪ್ರಕಾರ ಜಪ್ತಿ ಮತ್ತು ಹರಾಜು ನಡೆಸುತ್ತವೆ. ಮೆಂಟೆನೆನ್ಸ್ ಬಾಕಿಗಾಗಿ ಹೌಸಿಂಗ್ ಸೊಸೈಟಿ ಹಿಡಿಯುವ ದಾರಿಯೂ ಬಹುಮಟ್ಟಿಗೆ ಇದೇ. ಕೋರ್ಟಿನ ಡಿಕ್ರಿಯಾದರೆ (ತೀರ್ಪಿನ ಆದೇಶವಾದರೆ) ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಅನ್ವಯಿಸುತ್ತದೆ. ಮೂರೂ ದಾರಿಗಳಲ್ಲಿ ಗಡುವುಗಳು ಬೇರೆ ಬೇರೆ, ಮೊರೆ ಹೋಗಬೇಕಾದ ಜಾಗವೂ ಬೇರೆ. ಆದ್ದರಿಂದ ಪಕ್ಕದ ಮನೆಯವರಿಗೆ ಸಿಕ್ಕ ಸಲಹೆಯನ್ನು ನಂಬಿ ಕೂರುವುದು ಅಪಾಯಕರ.

ಬ್ಯಾಂಕಿನ ದಾರಿಯನ್ನೇ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಎದುರಾಗುವುದು ಅದೇ. ಮೊದಲ ನೋಟಿಸು 60 ದಿನಗಳ ಕಾಲಾವಕಾಶ ಕೊಡುತ್ತದೆ. ಆ ಅವಧಿಯಲ್ಲಿ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಬಳಿಕ ಸ್ವಾಧೀನದ ನೋಟಿಸು ಬರುತ್ತದೆ. ಅದನ್ನು ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರುವಂತೆ, ಪ್ರಕಟಿಸಬೇಕು. ಬ್ಯಾಂಕಿನ ಕ್ರಮದಲ್ಲಿ ತಪ್ಪಿದೆ ಎನಿಸಿದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಮೊದಲ ಸಲದ ಮಾರಾಟಕ್ಕೆ ಸಾಲಗಾರನಿಗೆ 30 ದಿನಗಳ ನೋಟಿಸು ಕೊಡಬೇಕು. ಇವುಗಳ ನಡುವೆ ಒಂದು ಗೆರೆಯನ್ನು ಎಲ್ಲರೂ ನೆನಪಿಡಬೇಕು: 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವ ತನಕ ಮಾತ್ರ ಇರುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಹರಾಜಿನ ದಿನ ಬೆಳಿಗ್ಗೆ ಒಡವೆ ಮಾರಿದ ಹಣದೊಂದಿಗೆ ಬ್ಯಾಂಕಿಗೆ ಓಡಿದರೆ ಉಳಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಇಂದು ಅವಲಂಬಿಸುವಂತಿಲ್ಲ. ಸ್ವಂತ ಖರೀದಿದಾರನನ್ನು ಕರೆತಂದು, ಬ್ಯಾಂಕಿನ ಲಿಖಿತ ಒಪ್ಪಿಗೆಯೊಂದಿಗೆ ಸಾಲ ತೀರಿಸಿ ಮಾರುವುದಿದ್ದರೂ ಅದಕ್ಕೆ ಇರುವ ಸಮಯ ಇಷ್ಟೇ. ನನ್ನ ಅನುಭವದಲ್ಲಿ ಮನೆಯವರಿಗೆ ಅತಿ ಹೆಚ್ಚು ಹಣ ಉಳಿಯುವುದು ಈ ದಾರಿಯಲ್ಲಿ.

ಅದು ಆಗದೆ ಹೋದಾಗ ಗಮನವೆಲ್ಲ ಮೀಸಲು ಬೆಲೆಯ ಮೇಲೆ, ಅಂದರೆ ಹರಾಜಿಗೆ ಮೊದಲೇ ಗೊತ್ತುಮಾಡುವ ಕನಿಷ್ಠ ಬೆಲೆಯ ಮೇಲೆ, ಇರಬೇಕು. ಅದನ್ನು ನಿಗದಿ ಮಾಡುವ ಮೊದಲು ಬ್ಯಾಂಕು ಅನುಮೋದಿತ ಮೌಲ್ಯಮಾಪಕರಿಂದ ವರದಿ ಪಡೆಯಬೇಕು. ಮೌಲ್ಯಮಾಪಕರು ಬಂದಾಗ ಬಾಗಿಲು ಹಾಕಿಕೊಂಡರೆ ಅವರು ಹೊರಗಿನಿಂದ ನೋಡಿ, ಕಟ್ಟಡದ ವಯಸ್ಸನ್ನು ಲೆಕ್ಕಹಾಕಿ, ಜಾಗ್ರತೆಗೆಂದು ಕಡಿಮೆ ಮೊತ್ತವನ್ನೇ ಬರೆಯುತ್ತಾರೆ. ಒಳಗೆ ಕರೆದು ಷೇರು ಸರ್ಟಿಫಿಕೇಟು, ಮೂಲ ಒಪ್ಪಂದ, ಕಾರ್ಪೆಟ್ ವಿಸ್ತೀರ್ಣ ತೋರಿಸುವ ನಕ್ಷೆ ಇವುಗಳ ಪ್ರತಿ ಕೊಡುವುದು ಲೇಸು. ಮುಲುಂಡ್‌ನ ಒಂದು ಫ್ಲ್ಯಾಟಿನ ಹರಾಜಿನ ನೋಟಿಸನ್ನು ಓದುವಾಗ ಅದರಲ್ಲಿ ವಾಹನ ನಿಲುಗಡೆಯ ಜಾಗದ ಉಲ್ಲೇಖವೇ ಇರಲಿಲ್ಲ. ಆ ಜಾಗವನ್ನು ಸೊಸೈಟಿ ಹಂಚಿಕೊಟ್ಟ ಪತ್ರ ಮನೆಯ ಯಜಮಾನರ ಫೈಲಿನಲ್ಲಿತ್ತು, ಆದರೆ ಯಾರೂ ಬ್ಯಾಂಕಿಗೆ ಕೊಟ್ಟಿರಲಿಲ್ಲ. ಹರಾಜು ನಡೆಸುವ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಲಿಖಿತವಾಗಿ ತಿಳಿಸಿದ ಮೇಲೆ ತಿದ್ದುಪಡಿ ಪ್ರಕಟವಾಯಿತು. ನಿಲುಗಡೆಯ ಜಾಗವಿರುವ ಮನೆಗೂ ಇಲ್ಲದ ಮನೆಗೂ ಈ ನಗರದಲ್ಲಿ ಕೂಗುವ ಬೆಲೆ ಒಂದೇ ಆಗಿರುವುದಿಲ್ಲ. ನೋಟಿಸಿನ ಆಸ್ತಿ ವಿವರವನ್ನು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಆ ವಾರವೇ ಪತ್ರ ಬರೆದು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಜೊತೆಗೆ, ಪರಿಚಯದವರಲ್ಲಿ ಮನೆ ಹುಡುಕುತ್ತಿರುವವರಿಗೆ ಹರಾಜಿನ ಸುದ್ದಿ ಮುಟ್ಟಿಸುವುದರಲ್ಲಿ ಅವಮಾನವೇನೂ ಇಲ್ಲ. ಇಬ್ಬರು ಸವಾಲುಗಾರರ ಜಾಗದಲ್ಲಿ ಐವರು ಸೇರಿದರೆ ಅದರ ಲಾಭ ಮೊದಲು ಮುಟ್ಟುವುದು ಸಾಲಗಾರನ ಖಾತೆಗೆ.

ಇನ್ನು ಮನೆಯೊಳಗಿನ ಸಾಮಾನು. ಗೃಹಸಾಲಕ್ಕೆ ಅಡವಾಗಿರುವುದು ಫ್ಲ್ಯಾಟು. ಫ್ರಿಜ್ಜು, ಮಂಚ, ಹೊಲಿಗೆ ಯಂತ್ರ, ದೇವರ ಮಂಟಪ, ಅಜ್ಜಿಯ ಕಾಲದ ತಾಮ್ರದ ಹಂಡೆ ಅಡವಿನಲ್ಲಿ ಸೇರಿಲ್ಲ. ಆದ್ದರಿಂದ ಮನೆಯ ಜೊತೆಗೆ ಅವನ್ನೂ ಮಾರುವ ಹಕ್ಕು ಬ್ಯಾಂಕಿಗೆ ತಾನಾಗಿ ಬರುವುದಿಲ್ಲ. ಆದರೆ ಮ್ಯಾಜಿಸ್ಟ್ರೇಟರ ಆದೇಶದೊಂದಿಗೆ ಅಧಿಕಾರಿಗಳು ಬಂದು ಬೀಗ ಹಾಕುವ ದಿನ ಗಡಿಬಿಡಿಯಲ್ಲಿ ಏನೇನು ಒಳಗೆ ಉಳಿಯಿತು ಎಂಬುದಕ್ಕೆ ಪಂಚನಾಮೆಯೊಂದೇ ಸಾಕ್ಷಿ. ಅಂಥ ಒಂದು ಪಂಚನಾಮೆ ಡೊಂಬಿವಲಿಯಲ್ಲಿ ನನ್ನ ಎದುರಿನಲ್ಲೇ ನಡೆಯಿತು. ಮರಾಠಿಯಲ್ಲಿ ಬರೆಯುತ್ತಿದ್ದ ಗುಮಾಸ್ತರು ಅಡುಗೆಮನೆಗೆ ಬಂದಾಗ ‘ಪಾತ್ರೆಗಳು, ಒಂದು ಗೋಣಿಚೀಲ’ ಎಂದು ಬರೆದು ಮುಂದೆ ಹೋಗಲಿದ್ದರು. ಮನೆಯಾಕೆ ಅವರನ್ನು ತಡೆದು, ಚೀಲ ಬಿಚ್ಚಿಸಿ, ಬೆಳ್ಳಿಯ ಆರತಿ ತಟ್ಟೆ ಒಂದು, ದೀಪ ಎರಡು, ಹಿತ್ತಾಳೆಯ ಕೊಡ ಮೂರು ಎಂದು ಬೇರೆ ಬೇರೆ ಬರೆಸಿದರು, ಫೋನಿನಲ್ಲಿ ಚಿತ್ರ ತೆಗೆದರು, ಪಂಚರ ಸಹಿಯಾದ ಮೇಲೆ ನಕಲು ಕೇಳಿ ಪಡೆದರು. ಸಾಮಾನು ಹಿಂದಿರುಗಿದಾಗ ಒಂದು ದೀಪ ಇಲ್ಲದ್ದನ್ನು ಕೇಳಲು ಅವರಿಗೆ ಸಾಧ್ಯವಾದದ್ದು ಆ ನಕಲಿನಿಂದ. ಭಾಷೆ ಪೂರ್ತಿ ಅರ್ಥವಾಗದಿದ್ದರೆ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ಆಕ್ಷೇಪವಿದ್ದರೆ ಸಹಿಯ ಪಕ್ಕದಲ್ಲೇ ಬರೆಯಿರಿ.

ಹೋಟೆಲು ನಡೆಸುವವರ ವಿಷಯ ಬೇರೆ. ರುಬ್ಬುವ ಯಂತ್ರ, ಡೀಪ್ ಫ್ರೀಜರು, ಸ್ಟೀಲಿನ ಮೇಜುಗಳ ಮೇಲೆಯೇ ಸಾಲ ಎತ್ತಿದ್ದರೆ ಅವು ಅಡವಿನ ಸೊತ್ತುಗಳೇ. ಆಗಲೂ ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ ಮಾಡಿ, ಪಟ್ಟಿಯನ್ನು ಸಾಲಗಾರನಿಗೆ ಕೊಟ್ಟು, 30 ದಿನಗಳ ನೋಟಿಸಿನ ನಂತರವೇ ಮಾರಬೇಕು.

ಸಿವಿಲ್ ಕೋರ್ಟಿನ ಡಿಕ್ರಿಗಾಗಿ ಸಾಮಾನು ಜಪ್ತಿ ಮಾಡಲು ಬೇಲಿಫ್ (ಕೋರ್ಟಿನ ಆದೇಶ ಜಾರಿಗೊಳಿಸುವ ಸಿಬ್ಬಂದಿ) ಬಂದಾಗ ಸಂಹಿತೆಯ 60ನೇ ಕಲಮು ಮನೆಯವರ ನೆರವಿಗಿದೆ. ಅಗತ್ಯದ ಉಡುಪು, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಆಭರಣ ಇವನ್ನು ಜಪ್ತಿ ಮಾಡುವಂತಿಲ್ಲ. ಕರಿಮಣಿ ಸರವನ್ನು ಬಿಚ್ಚಿ ಕೊಡಬೇಕಾಗುತ್ತದೆಂದು ಹೆದರಿ ಬಂದವರಿಗೆ ನಾನು ಮೊದಲು ಓದಿ ಹೇಳುವುದು ಈ ಕಲಮನ್ನು. ಕೋರ್ಟಿನ ಹರಾಜಿನಲ್ಲಿ ಸ್ಥಿರಾಸ್ತಿ ಮಾರಾಟವಾದ ಮೇಲೂ, ಡಿಕ್ರಿಯ ಬಾಕಿಯ ಜೊತೆಗೆ ಖರೀದಿದಾರನಿಗೆ ಬೆಲೆಯ ಶೇ. 5ರಷ್ಟನ್ನು 60 ದಿನಗಳೊಳಗೆ ಠೇವಣಿಯಿಟ್ಟು ಮಾರಾಟವನ್ನು ರದ್ದುಪಡಿಸಿಕೊಳ್ಳುವ ಅವಕಾಶವಿದೆ.

ಸಾಲವೇ ಇಲ್ಲದ ಮನೆಗಳಲ್ಲೂ ಹರಾಜಿನ ಪ್ರಶ್ನೆ ಏಳುತ್ತದೆ. ಮಾತುಂಗದ ಹಳೆಯ ಫ್ಲ್ಯಾಟಿನಲ್ಲಿ ತಂದೆತಾಯಿ ತೀರಿಕೊಂಡು, ಮಕ್ಕಳಲ್ಲಿ ಒಬ್ಬರು ಉಡುಪಿಯಲ್ಲಿ, ಒಬ್ಬರು ವಿದೇಶದಲ್ಲಿ, ಒಬ್ಬರು ಇಲ್ಲೇ ಇರುವಾಗ ಎರಡು ಕೋಣೆಯ ಮನೆಯನ್ನು ಮೂರು ಪಾಲು ಮಾಡಲಾಗದು. 1893ರ ಪಾಲು ಕಾಯ್ದೆಯ ಪ್ರಕಾರ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಕೇಳಿದರೆ, ಭಾಗ ಮಾಡುವ ಬದಲು ಮಾರಲು ಕೋರ್ಟು ಆದೇಶಿಸಬಹುದು. ಆಗ ಉಳಿದ ಪಾಲುದಾರರು ಕೋರ್ಟು ನಿರ್ಧರಿಸಿದ ಮೌಲ್ಯಕ್ಕೆ ಆ ಪಾಲನ್ನು ತಾವೇ ಕೊಳ್ಳಲು ಅರ್ಜಿ ಹಾಕಬಹುದು. ಹೆತ್ತವರ ಮನೆ ಕುಟುಂಬದಲ್ಲೇ ಉಳಿಯಲೆಂದು ಬಯಸುವವರಿಗೆ ಇದು ನಿಜವಾದ ಆಸರೆ. ಒಳಗಿನ ತೇಗದ ಬೀರು, ತಿಜೋರಿಗಳನ್ನು ಖಾಸಗಿ ಹರಾಜುದಾರರಿಗೆ ಒಪ್ಪಿಸುವುದಾದರೆ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮನ್ನು ಓದಿಕೊಳ್ಳಿ. ಒಂದೊಂದು ಲಾಟೂ (ಒಮ್ಮೆಗೆ ಕೂಗುವ ಸಾಮಾನು) ಒಂದೊಂದು ಪ್ರತ್ಯೇಕ ಮಾರಾಟ. ಸುತ್ತಿಗೆ ಬೀಳುವವರೆಗೆ ಕೂಗಿದವನು ಹಿಂದೆ ಸರಿಯಬಹುದು. ಮೊದಲೇ ಹೇಳಿ ಹಕ್ಕು ಕಾಯ್ದಿರಿಸಿಕೊಳ್ಳದೆ ಮಾರುವವರ ಕಡೆಯವರೇ ಬೆಲೆ ಏರಿಸಲು ಕೂಗಿದರೆ ಕೊಂಡವನು ಅದನ್ನು ಮೋಸವೆಂದು ಪರಿಗಣಿಸಬಹುದು.

ಬ್ಯಾಂಕಿನ ಹರಾಜಿನಲ್ಲಿ ಕೊಳ್ಳುವವರಿಗೆ ಇಷ್ಟು ಸಾಕು: ಗೆದ್ದ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇ. 25, ಮಾರಾಟ ಖಚಿತವಾದ 15 ದಿನಗಳೊಳಗೆ ಉಳಿದದ್ದು, ತಪ್ಪಿದರೆ ಕಟ್ಟಿದ್ದೂ ಹೋಗುತ್ತದೆ. ಸೊಸೈಟಿಯ ಬಾಕಿ ಮತ್ತು ವಿದ್ಯುತ್ ಬಾಕಿಯನ್ನು ಮೊದಲೇ ಲಿಖಿತವಾಗಿ ವಿಚಾರಿಸಿ. ಹಳೆಯ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕನಿಂದ ಕೇಳಲು ನಿಯಮಗಳು ಅವಕಾಶ ಕೊಡಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮಾರಾಟವಾದ ಮೇಲೆ ಸಾಲಗಾರನ ಕೆಲಸ ಮುಗಿಯುವುದಿಲ್ಲ. ಬಂದ ಬೆಲೆ, ಸಾಲಕ್ಕೆ ಜಮೆಯಾದ ಮೊತ್ತ, ಖರ್ಚೆಂದು ಕಳೆದ ಪ್ರತಿಯೊಂದು ಬಾಬತ್ತು ಇವುಗಳ ಲೆಕ್ಕವನ್ನು ಬರಹದಲ್ಲಿ ಕೇಳಿ. ಭದ್ರತಾ ಕಾವಲುಗಾರರ ಸಂಬಳ, ಜಾಹೀರಾತಿನ ವೆಚ್ಚಗಳಿಗೆ ಬಿಲ್ಲುಗಳನ್ನು ತೋರಿಸಲು ಹೇಳಿ. ಹೆಚ್ಚುವರಿ ಹಣವನ್ನು ಹಕ್ಕುಳ್ಳವರಿಗೆ ಕೊಡಬೇಕೆಂದು ಸರ್ಫೇಸಿ ಕಾಯ್ದೆಯ 13ನೇ ಕಲಮಿನ 7ನೇ ಉಪಕಲಮು ಹೇಳುತ್ತದೆ. ಸಾಲಗಾರ ತೀರಿಕೊಂಡಿದ್ದರೆ ವಾರಸುದಾರರು ತಮ್ಮ ದಾಖಲೆಗಳೊಂದಿಗೆ ಅದೇ ಶಾಖೆಗೆ ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ತಾರೀಖು ಸಹಿತ ಮುದ್ರೆ ಪಡೆಯಬೇಕು.